ಹತ್ತನೇ ನಂಬರಿನ ಬೊಡ್ಡೆ

ಸೇಡಂ
6 ಡಿಸೆಂಬರ್ 1968, ಶುಕ್ರವಾರ

ತಾಯಿಯ ಜಾಗದಲ್ಲಿರುವ ನೀಲಾಬಾಯಿ ಅಕ್ಕನವರಿಗೆ, ನಿಮ್ಮ ತಮ್ಮನ ಹೆಂಡತಿ ಮಹಾದೇವಮ್ಮ ಮಾಡುವ ಶರಣು. ಆರು ವರ್ಷದಿಂದ ನಾನು ಯಾರ ಹೆಂಡತಿಯ ಹಾಗೂ ನಡೆದುಕೊಂಡಿಲ್ಲ. ಆದರೂ ಬರೆಯುವಾಗ ಕೈ ಹಾಗೆಯೇ ಬರೆಯಿತು, ಹೊಡೆದು ಹಾಕಲು ಮನಸ್ಸಾಗಲಿಲ್ಲ.

ಈ ಪತ್ರವನ್ನು ನೀವೊಬ್ಬರೇ ಓದಿ. ನಿಮ್ಮ ತಮ್ಮನಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ. ಅವರು ಎದುರಿಗೆ ಕುಳಿತು ಓದು ಓದು ಎಂದು ಹಟ ಹಿಡಿದರೆ, ಒಲೆಯ ಮೇಲೆ ಏನೋ ಹತ್ತುತ್ತಿದೆ ಎಂದು ಹೇಳಿ ಎದ್ದು ಹೋಗಿಬಿಡಿ.

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಶಹಾಬಾದಿನಲ್ಲಿ ಒಂದು ಹೆಣ್ಣು ನೋಡಿದ್ದೇವೆ, ತಮ್ಮ ಒಪ್ಪುತ್ತಿಲ್ಲ ಎಂದು ಬರೆದಿದ್ದೀರಿ. "ನಂದೇನು ತಪ್ಪಂತ ಆಕಿ ಒಂದ್ ಮಾತು ಹೇಳ್ಲಿ, ಆಮ್ಯಾಲ ನೀವು ಹೇಳ್ದಾಂಗ ಕೇಳ್ತೀನಿ" ಅಂದರಂತೆ. ಆ ಒಂದು ಮಾತನ್ನು ನಾನು ಇಷ್ಟು ವರ್ಷ ಹಲ್ಲು ಕಚ್ಚಿ ಹಿಡಿದಿದ್ದೆ. ನಿಮಗೂ ಹೇಳಲಿಲ್ಲ, ನನ್ನ ಅಣ್ಣ ಕಲ್ಯಾಣಪ್ಪನಿಗೂ ಹೇಳಲಿಲ್ಲ. ನಿಮ್ಮ ಪತ್ರ ಬಂದ ದಿನವೇ ಉತ್ತರ ಬರೆದಿದ್ದೆ: "ಸೋಡಚೀಟಿ ಕೊಟ್ಟು ನನ್ನನ್ನು ಬಿಟ್ಟು ಆ ಹೆಣ್ಣನ್ನು ಮಾಡಿಕೊಳ್ಳಲಿ, ನನ್ನ ಅಡ್ಡಿಯಿಲ್ಲ." ಒಂದೇ ಸಾಲು. ಅಂಚೆಗೆ ಹಾಕಲು ಹೊರಟವಳಿಗೆ ನಾನು ಕೆಲಸಕ್ಕಿರುವ ಶಾಲೆಯಲ್ಲಿ ನೀರು ತುಂಬುವ ಕೆಲಸ ಬಿತ್ತು, ಕಾಗದ ಸೆರಗಿನ ಗಂಟಿನಲ್ಲೇ ಉಳಿಯಿತು. ನಿನ್ನೆ ಅದನ್ನು ಹರಿದು ಹಾಕಿದೆ.

ಈಗ ಕೇಳಿ. ನೀವು ನೋಡಿರುವುದು ತೊಗರಿ ಬೆಳೆದು ನಿಂತ ಹೊಲ. ಅರವತ್ತರಲ್ಲಿ ಕುಂಚಾವರಂ ದಾರಿಯ ಆ ಜಾಗಕ್ಕೆ ನಾವಿಬ್ಬರೂ ಹೋದಾಗ ಅಲ್ಲಿ ಹೊಲ ಎಲ್ಲಿತ್ತು? ಗುತ್ತೇದಾರರು ಕಾಡು ಕಡಿದು ಲಾರಿಯಲ್ಲಿ ಒಯ್ದ ಮೇಲೆ ಉಳಿದ ಹನ್ನೆರಡು ಎಕರೆ ಬೊಡ್ಡೆಗಳು, ಅಷ್ಟೇ. ಎರಡು ವರ್ಷದೊಳಗೆ ಎಲ್ಲವನ್ನೂ ಕಿತ್ತು ನೇಗಿಲು ಹೂಡಬೇಕು, ಒಂದು ಉಳಿದರೂ ಪಟ್ಟಾ ರದ್ದು ಎಂಬುದು ಸರ್ಕಾರದ ಷರತ್ತು. ಕಡಿಯುವ ಮೊದಲೇ ಜಂಗಲ್ ಇಲಾಖೆಯವರು ಒಂದೊಂದು ಮರದ ಬುಡಕ್ಕೂ ಡಾಂಬರಿನಿಂದ ಇಂಗ್ಲಿಷ್ ಅಂಕಿಯಲ್ಲಿ ನಂಬರು ಬರೆದಿದ್ದರು. ಮರಗಳು ಹೋದರೂ ಬುಡದಲ್ಲಿ ನಂಬರು ಉಳಿದಿದ್ದವು.

ಬೊಡ್ಡೆ ಕೀಳುವುದು ಎಂಥ ಕೆಲಸ ಎಂದು ಕೂತು ಉಣ್ಣುವವರಿಗೆ ತಿಳಿಯುವುದಿಲ್ಲ. ಸುತ್ತ ಅಗೆಯಬೇಕು, ಪಕ್ಕದ ಬೇರುಗಳನ್ನು ಕೊಡಲಿಯಿಂದ ಕಡಿಯಬೇಕು, ಸರಪಳಿ ಬಿಗಿದು ಎತ್ತುಗಳಿಂದ ಎಳೆಸಬೇಕು. ಅದಕ್ಕೂ ಬಾರದಿದ್ದರೆ ಗುಂಡಿಯ ತುಂಬ ಒಣ ಟೊಂಗೆ, ಕುಳ್ಳು ತುಂಬಿ ಬೆಂಕಿ ಹಚ್ಚಿ, ಬೇರಿನ ಗುಂಟ ನೆಲದೊಳಗೆ ಉರಿಯಲು ಬಿಡಬೇಕು. ನಿಮ್ಮ ತಮ್ಮ ಒಂದೊಂದು ಬೊಡ್ಡೆಯನ್ನೂ ಮಾತಾಡಿಸುತ್ತಿದ್ದರು. ಸಾಗವಾನಿ ಬೇಗ ಕಿತ್ತು ಬಂದರೆ "ಇದು ಸಾವ್ಕಾರ್ ಮಂದಿ, ಜಗಳ ತಗ್ಯಂಗಿಲ್ಲ" ಎನ್ನುವರು. ದಿಂಡಿಗದ ಬೊಡ್ಡೆ ಮಿಸುಕದಿದ್ದರೆ "ಇದು ನಿನ್ನ ತವರಿನ ಕಡೀದು" ಎಂದು ನನ್ನ ಕಡೆ ನೋಡುವರು. ನಾನು ನಮ್ಮ ಕೂಸು ಕಾಶಿಯನ್ನು ಬೆನ್ನಿಗೆ ಕಟ್ಟಿಕೊಂಡು ಮಣ್ಣು ಎತ್ತಿ ಹಾಕುತ್ತಿದ್ದೆ. ಅಂಗೈ ಒಡೆದು ನೆತ್ತರು ಬರುತ್ತಿತ್ತು, ಆದರೂ ನಗುತ್ತಿದ್ದೆ ಅಕ್ಕಾ. ಅಷ್ಟು ಸುಖವಾಗಿ ಮತ್ತೆಂದೂ ಇರಲಿಲ್ಲ.

ನಮ್ಮಿಬ್ಬರಿಗೂ ಓದಿನ ಜಂಬ ಬೇರೆ. ಚಿಮ್ಮನಚೋಡದಲ್ಲಿ ನನ್ನಪ್ಪ ನನಗೆ ಕನ್ನಡ ಅಕ್ಷರ, ಇಂಗ್ಲಿಷ್ ಅಂಕಿ ಕಲಿಸಿದ್ದರು. ನಿಮ್ಮ ತಮ್ಮ ನಿಜಾಮರ ಕಾಲದಲ್ಲಿ ಎರಡು ವರ್ಷ ಉರ್ದು ಶಾಲೆಗೆ ಹೋದದ್ದು ನಿಮಗೇ ಗೊತ್ತು. "ನಿನ್ನ ಕನ್ನಡ ನನಗ ಬರಂಗಿಲ್ಲ, ಆದ್ರ ನಂಬರ್ ಬರ್ತಾವ" ಎನ್ನುವರು. ಎಷ್ಟೋ ನಂಬರು ಓದಲಾಗದೆ ತಡವರಿಸಿ, "ಈ ಗಾರ್ಡ್ ಬರ್ದದ್ದು ಕೋಳಿ ಕೆದರಿದಾಂಗ ಅದ" ಎಂದು ಅವನನ್ನೇ ಬೈಯುವರು. ನಾನು ಬಿದ್ದು ಬಿದ್ದು ನಗುತ್ತಿದ್ದೆ. ಆಗ ನಗುವುದು ಬಿಟ್ಟು ಯಾಕೆ ಓದಲು ಬರುತ್ತಿಲ್ಲ ಎಂದು ಒಮ್ಮೆ ಕೇಳಿದ್ದರೆ ಸಾಕಿತ್ತು. ಅಂಕಿ ಎಂದರೆ ಲೋಕಕ್ಕೆಲ್ಲ ಒಂದೇ ಎಂದುಕೊಂಡಿದ್ದೆ.

ಅರವತ್ತೆರಡರ ಬೇಸಗೆಯಲ್ಲಿ ಅವರು ದಪ್ಪ ಸರಪಳಿ ತರುತ್ತೇನೆಂದು ಶಹಾಬಾದಿನ ಕಲ್ಲಿನ ಖಣಿಗೆ ಹೋದರು. ಹೋದ ಮೂರನೇ ದಿನ ಕಾಶಿಗೆ ಜ್ವರ ಬಂತು, ಐದನೇ ದಿನ ಹೋಗಿಬಿಟ್ಟಳು. ಎಂಟು ತಿಂಗಳ ಕೂಸು. ಅವತ್ತೇ ನನ್ನನ್ನು ನೋಡಿಹೋಗಲು ಕಲ್ಯಾಣಪ್ಪ ಬಂದಿದ್ದ. ಸುತ್ತ ಊರಿಲ್ಲ, ನಮ್ಮವರ ರುದ್ರಭೂಮಿಯಿಲ್ಲ. ನಮ್ಮ ಜಾಗದಲ್ಲೇ ಒಂದು ದಿಂಡಿಗದ ಬೊಡ್ಡೆಯ ಬುಡದಲ್ಲಿ ಹೂಳಿದೆವು. ಅದು ಎರಡು ಚಿಗುರು ಬಿಟ್ಟಿತ್ತು, ಕೂಸಿಗೆ ಅಷ್ಟಾದರೂ ನೆರಳಾಗಲಿ ಎಂದು ನಾನೇ ಅದನ್ನು ತೋರಿಸಿದೆ. ನರಿಗಳು ಕೆದರಬಾರದೆಂದು ಅಣ್ಣ ಮಣ್ಣನ್ನು ಸಮ ಮಾಡಿ ಎಲೆ ಕಸ ಎಳೆದ. ಬುಡದ ಮೇಲಿನ ನಂಬರು ಓದಿಕೊಂಡೆ: ಒಂದು ನೆಟ್ಟನೆಯ ಗೀಟು, ಅದರ ಪಕ್ಕ ಸೊನ್ನೆ. ಹತ್ತು.

ಅಣ್ಣ ನನ್ನನ್ನು ಚಿಮ್ಮನಚೋಡಕ್ಕೆ ಬಿಟ್ಟು ತನ್ನ ಕೆಲಸಕ್ಕೆ ಹೋದ. ನಿಮ್ಮ ತಮ್ಮ ಸುದ್ದಿ ತಿಳಿದು ಸರಪಳಿ ಹೆಗಲ ಮೇಲಿರುವ ಹಾಗೇ ಓಡಿ ಬಂದರು. ಅದನ್ನು ಕೆಳಗಿಡುವುದನ್ನೂ ಮರೆತು ಅತ್ತರು. ಆಮೇಲೆ "ಒಮ್ಮಿ ಬಂದು ಜಾಗ ತೋರ್ಸು, ಪಟ್ಟಾದ ಗಡುವಿಗಿ ಒಂದೇ ತಿಂಗಳು ಅದ" ಎಂದರು. ನನಗೆ ಆ ನೆಲ ನೋಡುವ ಶಕ್ತಿಯಿರಲಿಲ್ಲ. "ನಂಬರ್ ಬರ್ತಾವಲ್ಲ ನಿಮಗ, ಹತ್ತನೇ ನಂಬರ್ ಒಂದು ಬಿಡ್ರಿ, ಉಳಿದದ್ದು ಏನರೆ ಮಾಡ್ಕೋರಿ" ಎಂದುಬಿಟ್ಟೆ. ಅವರು ನನ್ನ ಕೈ ಮುಟ್ಟಿ ಮಾತು ಕೊಟ್ಟರು.

ಶ್ರಾವಣದಲ್ಲಿ ನಾನು ವಾಪಸು ಹೋದೆ. ಹೊಲವೆಲ್ಲ ಬಯಲಾಗಿತ್ತು, ಬಿತ್ತನೆಯಾಗಿ ಮೊಳಕೆ ಒಡೆದಿತ್ತು. ಅವರು ನನ್ನನ್ನು ಕರೆದುಕೊಂಡು ಹೋಗಿ ಬಂಡೆಯ ಪಕ್ಕ ಉಳಿಸಿದ್ದ ಒಂದೇ ಒಂದು ಬೊಡ್ಡೆಯ ಮುಂದೆ ನಿಲ್ಲಿಸಿದರು. ಸುತ್ತ ಕಲ್ಲು ಜೋಡಿಸಿ, ಸುಣ್ಣ ಬಳಿದು, ದೀಪಕ್ಕೆ ಗೂಡು ಮಾಡಿದ್ದರು. "ನೋಡು, ಹತ್ತನೇ ನಂಬರ್. ಕೊಟ್ಟ ಮಾತು ಬಿಟ್ಟಿಲ್ಲ" ಎಂದರು. ಅಕ್ಕಾ, ಅದು ನಮ್ಮ ಬೊಡ್ಡೆಯಲ್ಲ. ಅದರ ಮೇಲಿದ್ದದ್ದು ಬರೀ ಒಂದರ ಗೀಟು, ಅದರ ಪಕ್ಕದಲ್ಲಿ ಡಾಂಬರಿನ ಒಂದು ಹನಿ. ನನ್ನ ಕಾಶಿ ಇದ್ದ ಜಾಗ ಅಲ್ಲಿಂದ ನೂರು ಹೆಜ್ಜೆ ಆಚೆ. ಅಲ್ಲಿ ಜೋಳದ ಮೊಳಕೆ ಎದ್ದಿತ್ತು.

ನಾನು ಆ ಮೊಳಕೆಯನ್ನೇ ನೋಡುತ್ತಿದ್ದೆ. ಅವರೋ, ತಾವು ಪಟ್ಟ ಪಾಡನ್ನು ಹೇಳುತ್ತಲೇ ಇದ್ದರು. "ಉಳಿದದ್ದೆಲ್ಲ ಬಂದ್ವು, ಆ ಹದಿನೈದನೇ ನಂಬರ್ ಮಾತ್ರ ಭಾಳ ಕಾಡಿತು. ಎರಡು ಜೋಡಿ ಎತ್ತು ಹೂಡಿದ್ರೂ ಮಿಸುಕಲಿಲ್ಲ. ಕಡಿಗಿ ಒಂದೇ ಮಗ್ಗಲಾ ಅಗದು ಬೆಂಕಿ ಇಟ್ಟೆ, ಮೂರು ದಿನ ಉರೀತು" ಎಂದರು. ಹದಿನೈದೋ ಇಪ್ಪತ್ತೋ ನನಗೇನು, ನಾನು ಕೇಳಿಸಿಕೊಳ್ಳಲೂ ಇಲ್ಲ. ಪಟ್ಟಾದ ಆಸೆಗೆ ಕೂಸಿನ ಜಾಗ ಕಿತ್ತು, ಯಾವುದೋ ಬೊಡ್ಡೆಗೆ ಸುಣ್ಣ ಬಳಿದು, ಹೆಂಡತಿಯ ಕಣ್ಣಿಗೆ ಮಣ್ಣೆರಚುವ ಗಂಡ ಎಂದು ಅಂದುಕೊಂಡೆ. ಮರುದಿನ ಬೆಳಿಗ್ಗೆ ಹೊರಟುಬಿಟ್ಟೆ. "ಯಾಕ, ಏನಾತು" ಎಂದು ಅವರು ಕೇಳುತ್ತಾ ಚಿಂಚೋಳಿಯ ಬಸ್ಸಿನ ತನಕ ಹಿಂದೆಯೇ ಬಂದರು. ನಾನು ತಿರುಗಿ ನೋಡಲಿಲ್ಲ.

ಆ ಬೊಡ್ಡೆ ಉಳಿದದ್ದಕ್ಕೆ ಸರ್ಕಾರದ ಸಾಹೇಬರು ಪಟ್ಟಾಕ್ಕೆ ಸಹಿ ಹಾಕಲಿಲ್ಲ, ನಿಮ್ಮ ತಮ್ಮ ಅರ್ಧ ದಿನ ಜೀಪಿನ ಮುಂದೆ ನಿಂತು "ಬೇಕಾದ್ರ ಹೊಲ ತಗೋರಿ, ಈ ಬೊಡ್ಡಿಗಿ ಕೈ ಹಚ್ಚಬ್ಯಾಡ್ರಿ" ಎಂದರು, ಕೊನೆಗೆ ಸಾಹೇಬರೇ ಸೋತು ಸಹಿ ಹಾಕಿದರು ಎಂದು ನೀವು ನಿಮ್ಮ ಪತ್ರದಲ್ಲಿ ಬರೆದಿದ್ದೀರಿ. ಅದನ್ನು ಓದಿದಾಗಲೂ ನಾನು ಎಂಥ ನಾಟಕ ಎಂದೇ ಅಂದುಕೊಂಡೆ. ನನ್ನ ನಾಲಿಗೆಗೆ ಹುಳ ಬೀಳಲಿ.

ಹೋದ ಭಾನುವಾರ ನಮ್ಮ ಪಕ್ಕದ ಮನೆಯ ತಾಜುನ್ನಿಸಾಳ ಹತ್ತಿರ ಜರಡಿ ಕೇಳಲು ಹೋಗಿದ್ದೆ. ಈಗ ಅವರಿಗೆ ರಂಜಾನ್ ಉಪವಾಸ. ಗೋಡೆಗೆ ಉರ್ದುವಿನಲ್ಲಿ ಛಾಪಿಸಿದ ಉಪವಾಸದ ಪಟ್ಟಿ ಅಂಟಿಸಿದ್ದಳು. ಆ ದಿನದ ಸಾಲಿಗೆ ಗುರುತು ಹಾಕಿತ್ತು. ಒಂದು ಗೀಟು, ಅದರ ಪಕ್ಕ ಒಂದು ಚುಕ್ಕೆ. ಆ ಬಂಡೆಯ ಪಕ್ಕದ ಬೊಡ್ಡೆಯ ಮೇಲಿದ್ದದ್ದೂ ಹೀಗೆಯೇ. ಇದೇನು ಎಂದು ಕೇಳಿದೆ. "ಹತ್ತು ಅಲ್ಲೇನ್ರೀ ಮಾದೇವಮ್ಮಾ? ಇವತ್ತು ಹತ್ತನೇ ರೋಜಾ" ಎಂದು ನಕ್ಕಳು. ಸೊನ್ನೆಯೆಲ್ಲಿ ಎಂದೆ. "ನಮ್ದರಾಗ ಸೊನ್ನಿ ಅಂದ್ರ ಬರೀ ಚುಕ್ಕಿ. ನಿಮ್ಮ ಸೊನ್ನಿಯಂಗ ದುಂಡಗ ಬರದ್ರ ಅದು ಐದು ಆಗ್ತದ" ಎಂದಳು. ಹಾಗಾದರೆ ಗೀಟಿನ ಪಕ್ಕ ದುಂಡಗೆ ಬರೆದರೆ ಎಷ್ಟು ಎಂದು ಕೇಳಿದೆ. ಉತ್ತರ ನನಗಾಗಲೇ ತಿಳಿದಿತ್ತು. ಆದರೂ ಅವಳು ಹೇಳಿದಳು.

ಹದಿನೈದು.

ಜರಡಿ ಅಲ್ಲೇ ಬಿಟ್ಟು ಬಂದೆ. ಐದು ದಿನವಾಯಿತು. ನಿಮ್ಮ ತಮ್ಮ ಸುಳ್ಳು ಹೇಳಿರಲಿಲ್ಲ. ಅವರು ಕಲಿತ ಉರ್ದು ಅಂಕಿಯ ಲೆಕ್ಕದಲ್ಲಿ ಹತ್ತನೇ ನಂಬರನ್ನೇ ಹುಡುಕಿ, ಹೊಲ ಹೋದರೂ ಹೋಗಲಿ ಎಂದು ಉಳಿಸಿದರು. ನಮ್ಮವರು ಹೂಳುವವರು, ಸುಡುವವರಲ್ಲ. ಅವರ ಕೂಸನ್ನು ಅವರ ಕೈಯಿಂದಲೇ ಮೂರು ದಿನ ಸುಡಿಸಿದವಳು ನಾನು. ಒಂದು ದಿನ ಎದೆ ಗಟ್ಟಿ ಮಾಡಿಕೊಂಡು ಹೋಗಿ ಬೆರಳು ತೋರಿಸಿದ್ದರೆ ಆಗುತ್ತಿತ್ತು. ಅದನ್ನು ಮಾಡದೆ, ಆಮೇಲೆ ಆರು ವರ್ಷ ಅವರನ್ನೇ ಕಳ್ಳನೆಂದುಕೊಂಡೆ.

ಕ್ಷಮೆ ಕೇಳಬೇಕೆಂದರೆ ನಾನೇಕೆ ಹೋದೆನೆಂದು ಹೇಳಬೇಕು. ಅದನ್ನು ಹೇಳಿದರೆ ಅವರು ಬೆಂಕಿ ಇಟ್ಟದ್ದು ಎಲ್ಲಿಗೆ ಎಂಬುದು ಅವರಿಗೆ ತಿಳಿಯುತ್ತದೆ. ಪ್ರತಿ ಸೋಮವಾರ ಹೋಗಿ ದೀಪ ಹಚ್ಚಿ, ಆ ಬೊಡ್ಡೆಯ ಹತ್ತಿರ ಕೂತು ಕಾಶಿಯೊಡನೆ ಮಾತಾಡುತ್ತಾರೆ ಎಂದು ನೀವೇ ಬರೆದಿದ್ದೀರಿ. ಆ ಮನುಷ್ಯ ಇದನ್ನು ಕೇಳಿ ಬದುಕುತ್ತಾರೆಯೇ? ಐದು ದಿನವೂ ಇದನ್ನೇ ಯೋಚಿಸಿದೆ. ನನಗೆ ಅವರ ಕ್ಷಮೆ ಬೇಡ. ನಾನು ಸಿಡುಕಿ, ತಲೆ ಕೆಟ್ಟವಳು, ಗಂಡನನ್ನು ಸುಮ್ಮನೆ ಗೋಳು ಹೊಯ್ದುಕೊಂಡವಳು ಎಂದು ನಿಮ್ಮ ಬಂಧುಬಳಗವೆಲ್ಲ ಅನ್ನಲಿ, ನೀವೂ ನಾಲ್ಕು ಜನರ ಎದುರು ಹಾಗೆಯೇ ಅನ್ನಿ. ಶಹಾಬಾದಿನವರಿಗೆ ಮಾತ್ರ ಬೇಡ ಎಂದು ಹೇಳಿಕಳಿಸಿ.

ನಿಮ್ಮೊಬ್ಬರಿಗೆ ಯಾಕೆ ಹೇಳಿದೆ ಎಂದರೆ, ಇದನ್ನು ಒಬ್ಬಳೇ ಹೊರಲು ನನ್ನಿಂದಾಗಲಿಲ್ಲ ಅಕ್ಕಾ. ನಿಮ್ಮ ಮೇಲೂ ಹೊರಿಸುತ್ತಿದ್ದೇನೆ. ಬೈಯುವುದಿದ್ದರೆ ಎದುರಿಗೆ ಬಂದಾಗ ಬೈಯಿರಿ. ಓದಿದ ಮೇಲೆ ಒಲೆಗೆ ಹಾಕಿ.

ಇಂತಿ ನಿಮ್ಮ ಮನೆಗೆ ಮರಳಿ ಬರುತ್ತಿರುವ,
ಮಹಾದೇವಮ್ಮ

ಮರೆತಿದ್ದೆ: ಇಲ್ಲಿಂದ ಕೆಳಗೆ ಇರುವುದನ್ನು ಹರಿದಿಟ್ಟುಕೊಳ್ಳಿ. ಇಷ್ಟನ್ನು ಮಾತ್ರ ನಿಮ್ಮ ತಮ್ಮನನ್ನು ಕೂರಿಸಿಕೊಂಡು ಓದಿ ಹೇಳಿ. ಓದುವಾಗ ನಿಮ್ಮ ದನಿ ನಡುಗಬಾರದು.

"ನಿಮ್ಮದು ಯಾವ ತಪ್ಪೂ ಇರಲಿಲ್ಲ. ಕೂಸು ಹೋದ ಸಂಕಟದಲ್ಲಿ ನನಗೇ ಬುದ್ಧಿ ಕೆಟ್ಟಿತ್ತು. ಬರುವ ಸೋಮವಾರ ಬರುತ್ತೇನೆ, ಬಸ್ಸಿನ ಹತ್ತಿರ ನಿಂತಿರಿ. ಮನೆಗೆ ಆಮೇಲೆ ಹೋಗೋಣ, ಮೊದಲು ಬೊಡ್ಡೆಯ ಹತ್ತಿರ ಕರೆದುಕೊಂಡು ಹೋಗಿ. ನೀವು ಉಳಿಸಿದ್ದು ಹತ್ತನೇ ನಂಬರೇ. ನಾನು ಓದಿ ನೋಡಿದ್ದೆ."