ಬಣ್ಣದ ಪೆಟ್ಟಿಗೆಯ ಗುಳಿಗೆಗಳು

ಬೀದರ,
೧೧ ಫೆಬ್ರುವರಿ ೨೦೨೫

ನನ್ನ ಮುದ್ದಿನ ಮಗಳು ಪ್ರಣಾಲಿಗೆ,

ಹೇಗಿದ್ದೀಯವ್ವ? ಕಾಲಿನ ಬಾವು ಇಳಿಯಿತೇ? ಒಳಗಿನ ಕೂಸು ಒದೆಯುತ್ತದೆಯೇ? ಒದೆಯಲಿ! ಔರಾದ ತಾಲ್ಲೂಕಿನ ರಂಗವನ್ನು ನಲವತ್ತು ವರ್ಷ ನಡುಗಿಸಿದ ಕಾಶೀರಾಮನ ಮೊಮ್ಮಗು ಅದು. ಸದ್ದಿಲ್ಲದೆ ಪ್ರವೇಶ ಮಾಡುವುದುಂಟೇ? ಫೋನಿನಲ್ಲಿ ಅಪ್ಪ ಎರಡೇ ಮಾತಿಗೆ ಯಾಕೆ ನಿಲ್ಲಿಸುತ್ತಾನೆಂದು ಅಳಿಯ ನಾಗಸೇನರನ್ನು ಕೇಳಿದೆಯಂತೆ. ಮೈಕಿಲ್ಲದೆ ಸಾವಿರ ಜನರಿಗೆ ಕೇಳಿಸಿದ ಗಂಟಲು, ನಿನ್ನೊಬ್ಬಳಿಗೆ ಹೇಳಹೋದರೆ ಕಟ್ಟುತ್ತದೆ. ಅದಕ್ಕೇ ಸಾಬೂನಿನಿಂದ ಎರಡು ಸಲ ಕೈ ತೊಳೆದು, ದವಾಖಾನೆಯ ಹೊರಗೆ ಬೇವಿನ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ.

ಹಲಬರ್ಗಾದ ನಿಮ್ಮ ಮನೆಯಲ್ಲಿ ನಿನ್ನ ಸೀಮಂತದ ಕುಬಸ ಮುಗಿಸಿ ಬರುವಾಗ ಭಾಲ್ಕಿ ಬಸ್ ನಿಲ್ದಾಣದಲ್ಲಿ ಅವ್ವ ಬಿದ್ದು ತೊಡೆಯ ಎಲುಬು ಮುರಿದದ್ದು, ಇಲ್ಲಿ ರಾಡು ಹಾಕಿದ್ದು ನಿನಗೆ ಗೊತ್ತು. ಆರನೇ ದಿನ ಹೊಲಿಗೆಯಿಂದ ಕೀವು ಬಂದದ್ದನ್ನು ನಾವು ಮುಚ್ಚಿಟ್ಟೆವು. ರಾಡು ಹಾಕಿ ಇಂದಿಗೆ ಹದಿನೇಳು ದಿನ. ಜ್ವರ ಇಳಿಯುತ್ತಿಲ್ಲ. ಡಾಕ್ಟರ್ ನಾಹೀದ ನನ್ನನ್ನು ಕೂರಿಸಿಕೊಂಡು ಹೇಳಿದರು: "ಕಾಕಾ, ಈ ಕ್ರಿಮಿ ದವಾಖಾನಿಯೊಳಗೇ ಹತ್ತ್ಯಾದರಿ. ಲ್ಯಾಬಿನ್ಯಾಗ ಕೀವಿನ ಮ್ಯಾಲ ಹನ್ನೆರಡು ಔಷಧ ಇಟ್ಟು ನೋಡೀವಿ, ಹನ್ನೊಂದಕ್ಕ ಅದು ಜಗ್ಗವಲ್ದು. ಉಳಿದದ್ದು ಒಂದೇ, ಅದು ಕಿಡ್ನಿಗೆ ಭಾರ ಆಗ್ಲಿಕತ್ಯಾದ."

ಆಗ ನನ್ನ ಬಣ್ಣದ ಪೆಟ್ಟಿಗೆ ನೆನಪಾಯಿತು. ಚಿಕ್ಕವಳಿದ್ದಾಗ ಕದ್ದು ತೆರೆಯುತ್ತಿದ್ದೆಯಲ್ಲ, ಅದೇ. ಮೀಸೆ, ಕಾಡಿಗೆ, ಅದರ ಕೆಳಗೆ ಎರಡು ಬಣ್ಣದ ಆಂಟಿಬಯಾಟಿಕ್ ಗುಳಿಗೆಗಳ ಪಟ್ಟಿ. ನಮ್ಮ ನಾಟಕದವರ ಪದ್ಧತಿ ಅದು: ಗಂಟಲು ಕೆರೆದರೆ ಔರಾದದ ಮೆಡಿಕಲ್ಲಿನಲ್ಲಿ ಚೀಟಿಯಿಲ್ಲದೆ ಒಂದು ಪಟ್ಟಿ, ಮೊದಲ ಅಂಕಕ್ಕೆ ಮುಂಚೆ ಎರಡು, ದನಿ ಬಿಚ್ಚಿತೆಂದರೆ ಉಳಿದದ್ದು ಪೆಟ್ಟಿಗೆಗೆ. ಅವ್ವ ಕೆಮ್ಮಿದರೆ ಅದರಲ್ಲೇ ಎರಡು. ಹೊಲದಿಂದ ಮೈ ಬಿಸಿಯಾಗಿ ಬಂದರೂ ಎರಡು. ನಾನೇ ಅವಳ ಬಾಯಿಗೆ ಹಾಕಿ, "ಕೇಶರಾ! ನಿನ್ನ ವೈದ್ಯರಾಜ ನಾನಿರುವಾಗ ಯಮನಿಗೇನು ಕೆಲಸ!" ಎಂದು ಗರ್ಜಿಸುತ್ತಿದ್ದೆ. ಅವಳು ನಗುತ್ತ ನುಂಗುತ್ತಿದ್ದಳು. ಇದನ್ನೆಲ್ಲ ಡಾಕ್ಟರ ಮುಂದೆ ಒಪ್ಪಿಕೊಂಡೆ. "ನಿಮ್ಮೊಬ್ಬರ ತಪ್ಪಲ್ಲರಿ. ಊರೆಲ್ಲಾ ಅರ್ಧಮರ್ಧಾ ಗುಳಿಗಿ ನುಂಗಿ, ನಾವೂ ಬೇಕಾಬಿಟ್ಟಿ ಬರದು ಕೊಟ್ಟು, ಕ್ರಿಮಿಗೆ ತಾಲೀಮು ಮಾಡಿಸೀವಿ" ಎಂದರು. ಸಮಾಧಾನಕ್ಕೆ ಹೇಳಿದ್ದಿರಬಹುದು. ತಾಲೀಮಿನ ಮಾತು ಮಾತ್ರ ಎದೆಯಲ್ಲಿ ನಾಟಿಕೊಂಡಿದೆ.

ಇನ್ನೊಂದು ದಾರಿ ಇದೆಯಂತೆ. ಕ್ರಿಮಿಯನ್ನೇ ಹುಡುಕಿ ಕೊಲ್ಲುವ ವೈರಸ್ಸುಗಳು ಹೊಳೆಯಲ್ಲಿ, ಚರಂಡಿ ನೀರಿನಲ್ಲಿ ಸಿಗುತ್ತವಂತೆ. ಒಂದೊಂದು ಕ್ರಿಮಿಗೆ ಒಂದೊಂದು ಬೇರೆ. ಅವ್ವನ ಕೀವನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿದ್ದಾರೆ. ಹೊಂದುವಂಥದ್ದು ಸಿಗಬೇಕು, ಸಿಕ್ಕರೂ ಕೊಡಲು ವಿಶೇಷ ಪರವಾನಗಿ ಬೇಕು. ಅವ್ವ ಕೇಳಿ, "ನೀವು ರಾಜಾನ ಪಾರ್ಟು ಮಾಡ್ಕೋತ ಕುಂತ್ರಿ, ಕಡೀಕ ನನ್ನ ಉಳಸ್ಲಿಕ್ಕ ಗಟಾರದಾಂವನೇ ಬರಬೇಕಾತು ನೋಡ್ರಿ" ಎಂದು ನಕ್ಕಳು. ಆ ನಗೆಗೂ ನೋವಾಗಿ ಕಣ್ಣು ಮುಚ್ಚಿಕೊಂಡಳು. ಉತ್ತರ ಇನ್ನೂ ಬಂದಿಲ್ಲ. ಹಾಸಿಗೆಯಲ್ಲೇ ಒರಗಿ ಕೂಸಿನ ಕೌದಿ ಹೊಲಿದು ಮುಗಿಸಿದ್ದಾಳೆ. ನನ್ನ ಹಳೆಯ ರಾಜಪೋಷಾಕಿನ ಕೆಂಪು ಮಖಮಲ್ಲಿನ ತುಂಡನ್ನು ನಟ್ಟನಡುವೆ ಕೂರಿಸಿದ್ದಾಳೆ.

ನಿಮ್ಮ ಅತ್ತೆಯವರಿಗೆ ನಮ್ಮ ಜೈಭೀಮ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮಡಿಲು ತಣ್ಣಗಿರಲಿ.

ನಿನ್ನ ಅಪ್ಪ,
ಕಾಶೀರಾಮ

ತಾ.ಕ.: ಈ ಕಾಗದ ಒಯ್ಯಲು ಅಳಿಯಂದಿರು ಗೇಟಿನಾಚೆಯೇ ಬೈಕಿನ ಕೀಲಿ ಹಿಡಿದು ನಿಂತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಡ. ಇಲ್ಲಿಗೂ ಬರಬೇಡ. ನಮ್ಮ ಕೈ, ಬಟ್ಟೆಗಳಿಂದಲೂ ಆ ಕ್ರಿಮಿ ದಾಟಬಹುದು ಎಂದಿದ್ದಾರೆ ಡಾಕ್ಟರು. ಭಾಲ್ಕಿಯಲ್ಲೇ ಹೆರಿಗೆ ಆಗಲಿ. ಇದು ಅವ್ವನದೇ ಮಾತು: "ಆಕಿ ಮಾರಿ ನೋಡಬೇಕಂತ ಜೀವ ಬಡಕೊಳ್ತದ. ಆದ್ರ ಕೂಸಿಗೆ ನನ್ನ ಕೈ ಹತ್ತಬಾರದು." ಅಳಿಯಂದಿರು ತರುವ ಚೀಲದಲ್ಲಿ ಕೌದಿ ಹುಡುಕಬೇಡ. ಕಳಿಸಬೇಡಿ ಎಂದು ಅವಳೇ ಹೇಳಿದಳು. ಈಗ ಅದನ್ನೇ ಎದೆಯ ಮೇಲೆ ಹೊದ್ದು ಮಲಗಿದ್ದಾಳೆ.