ಕುಬುಸಕ್ಕೆ ಮುಂಚೆ

ಹೊಸದುರ್ಗ
೧೬ ಜೂನ್ ೨೦೨೪

ಚಿರಂಜೀವಿ ಅಂಜಲಿಗೆ,

ಅಮ್ಮನ ಆಶೀರ್ವಾದಗಳು. ವಾಕರಿಕೆ ಕಡಿಮೆಯಾಯಿತೇ? ಅಳಿಯಂದಿರೂ ನಿನ್ನ ಅತ್ತೆಯವರೂ ಕ್ಷೇಮವೇ? ಮೈಸೂರಿನ ನೀರು ಈಗಲಾದರೂ ಒಗ್ಗಿತೆಂದು ನಂಬಿದ್ದೇನೆ.

ಮುಂದಿನ ತಿಂಗಳು ನಿನ್ನ ಕುಬುಸ. ಚೊಚ್ಚಲ ಬಸುರಿಗೆ ತವರಿನಲ್ಲಿ ಹಸಿರು ಕುಬುಸ ತೊಡಿಸಿ ಉಡಿ ತುಂಬುವುದು ನಮ್ಮ ಪದ್ಧತಿಯಲ್ಲವೇ? ಅದಕ್ಕೆಂದೇ ನಡುಮನೆಗೆ ಸುಣ್ಣ ಹೊಡೆಸಿದ್ದೇನೆ. ನೀನು ಮಲಗುತ್ತಿದ್ದ ಕೋಣೆಯ ಕಿಟಕಿಯನ್ನು ದಿನವೂ ಬೆಳಿಗ್ಗೆ ತೆರೆಯುತ್ತೇನೆ. ಅಲ್ಲಿ ಯಾರೂ ಇಲ್ಲವೆಂಬುದು ತೆರೆದ ಮೇಲೆ ನೆನಪಾಗುತ್ತದೆ.

ನನ್ನ ಕಣ್ಣು ಉರಿಯುತ್ತಿತ್ತಲ್ಲ, ಚಿತ್ರದುರ್ಗದ ವೈದ್ಯೆಗೆ ತೋರಿಸಿದೆ. ದೇಹವನ್ನು ಕಾಯಬೇಕಾದ ಪ್ರತಿಕಾಯಗಳು ನನ್ನಲ್ಲಿ ದೇಹದ ಮೇಲೆಯೇ ತಿರುಗಿಬಿದ್ದಿವೆಯಂತೆ; ಕಣ್ಣೀರಿನ, ಜೊಲ್ಲಿನ ಗ್ರಂಥಿಗಳು ಒಣಗಿವೆ. ನಿನ್ನನ್ನು ಗಂಡನ ಮನೆಗೆ ಕಳುಹಿಸಿದ ದಿನ ಎದುರುಮನೆಯ ಜಯಕ್ಕ, "ಒಂದ್ ಹನಿನೂ ಉದುರ್ಲಿಲ್ಲ ನೋಡ್ರಿ, ಮೇಡಮ್ಮಾರ ಎದೆ ಕಲ್ಲಾಗೈತೆ" ಎಂದಿದ್ದಳು. ಮಾತು ನಾಟಿತ್ತು. ಮೊನ್ನೆ ಕಾರಣ ತಿಳಿಸಿದರೆ, "ಅಯ್ಯೋ, ಮೊದ್ಲೇ ಹೇಳಾದಲ್ವೇನ್ರಿ, ಬೀದಿಗೆಲ್ಲ ಆಡ್ಕಂಡು ಬಂದಿದ್ನಲ್ರಿ!" ಎಂದು ನನ್ನ ಪಾಲಿನದನ್ನೂ ಸೇರಿಸಿ ಅತ್ತಳು.

ನನ್ನ ತಾಯಿ, ನಿನ್ನ ಅಜ್ಜಿ ಹನುಮಮ್ಮನವರು ಮುದ್ದೆಯ ತುತ್ತಿಗೊಮ್ಮೆ ನೀರು ಕುಡಿಯುತ್ತಿದ್ದುದನ್ನೂ ಅವರ ತಂಗಿ, ಮಾಡದಕೆರೆಯ ನನ್ನ ಚಿಕ್ಕಮ್ಮ ಹುಚ್ಚಕ್ಕನ ಬೆರಳಿನ ಕೀಲುಗಳು ಸೊಟ್ಟಗಾದುದನ್ನೂ ವೈದ್ಯೆಗೆ ಹೇಳಿದೆ. ಬೇರೆ ಬೇರೆ ಕಾಯಿಲೆಗಳೆಂದು ನಾವು ಬೇರೆ ಬೇರೆ ದೇವರಿಗೆ ಹರಕೆ ಹೊತ್ತಿದ್ದೆವು. ವೈದ್ಯೆ ನಕ್ಕು, "ಬೇರು ಒಂದೇ ಇರಬಹುದು ಮೇಡಂ. ಆ ಗುಣ ವಂಶದಲ್ಲಿ ಬರುತ್ತೆ. ಯಾರಲ್ಲಿ ಯಾವ ಪ್ರತಿಕಾಯ ಹುಟ್ಟುತ್ತೆ, ಎಲ್ಲಿ ಹೊಡೆಯುತ್ತೆ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ. ಕೆಲವರಿಗೆ ಏನೂ ಆಗಲ್ಲ" ಎಂದರು.

ನನ್ನ ಚಿಂತೆ ಬಿಡು. ಕಣ್ಣಿಗೆ ಔಷಧಿಯ ಹನಿ ಬಿಟ್ಟುಕೊಳ್ಳುತ್ತೇನೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ತಾಯಿ, ಮಗು ಇಬ್ಬರೂ ತಂಪಾಗಿರಿ.

ನಿನ್ನ ಹಾದಿ ನೋಡುತ್ತಿರುವ ಅಮ್ಮ,
ಅನುಸೂಯ

ತಾ.ಕ.: ಇದನ್ನು ಫೋನಿನಲ್ಲಿ ಹೇಳಿದರೆ ನನ್ನ ದನಿ ಕೇಳಿಯೇ ನೀನು ಬಸ್ಸು ಹತ್ತಿಬಿಡುವೆ. ಅದಕ್ಕಾಗಿ ಮೈಸೂರಿಗೆ ಹೊರಟ ನಿನ್ನ ಚಿಕ್ಕಪ್ಪನ ಮಗ ಹನುಮೇಶನ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ನನ್ನಲ್ಲಿರುವ ಪ್ರತಿಕಾಯ ನಿನ್ನಲ್ಲಿಯೂ ಇದ್ದರೆ, ನಿನಗೆ ಏನೂ ತೋರದೆಯೇ, ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ನಿಧಾನವಾಗಬಹುದಂತೆ. ಹಾಗಾಗುವುದು ಅಪರೂಪ. ಆದರೂ ನಾಳೆಯೇ ರಕ್ತಪರೀಕ್ಷೆ ಮಾಡಿಸು. ಇದ್ದರೆ ಮಗುವಿನ ಹೃದಯವನ್ನು ಮೇಲಿಂದ ಮೇಲೆ ಸ್ಕ್ಯಾನ್ ಮಾಡಿ ನೋಡುತ್ತಿರಬೇಕು. ನಮ್ಮೂರಿನಲ್ಲಿ ಆ ಅನುಕೂಲವಿಲ್ಲ. ಕುಬುಸಕ್ಕೆ ಬರಬೇಡ. ಬಾಣಂತನಕ್ಕೂ ಬೇಡ. ನಮ್ಮ ಮನೆತನದಲ್ಲಿ ಯಾವ ತಾಯಿಯೂ ಮಗಳ ಮನೆಗೆ ಕುಬುಸ ಹೊತ್ತು ಹೋದವಳಲ್ಲ. ನಾನು ಬರುತ್ತೇನೆ.