ಕುದಿನೀರು ಆರುವವರೆಗೆ

ಶುಕ್ರವಾರ, ಜನವರಿ 16

ಆ ಚೀನೀ ಹೆಂಗಸಿನ ಹೆಸರು ಕೇಳದೆ ಬಂದುಬಿಟ್ಟೆ. ಅದೊಂದು ಮನಸ್ಸಿಗೆ ಚುಚ್ಚುತ್ತಿದೆ.

ಇಲ್ಲಿ ಕೊಲ್ಲಿ ನಾಡಿನ ಅದ್ಲಿಯಾ ಬಡಾವಣೆಯ ಚೀನೀ ಚಹಾ ಮೇಳಕ್ಕೆ ಹಾರಿಸನನ್ನು ನಾನೇ ಎಳೆದುಕೊಂಡು ಹೋಗಿದ್ದೆ. ನಾವಿಬ್ಬರೂ ಗುಫೂಲ್ ಬಡಾವಣೆಯ ಒಂದೇ ಅಂಗಡಿಯಲ್ಲಿ ಕರಕ್, ಅಂದರೆ ಹಾಲು ಹಾಕಿ ಚೆನ್ನಾಗಿ ಕುದಿಸುವ ಚಹಾ, ಕಾಯಿಸುವವರು. ಆಕೆಯ ಮಳಿಗೆಯಲ್ಲಿ ಯಾರು ಬೇಕಾದರೂ ಚಹಾ ಮಾಡಿ ನೋಡಬಹುದಿತ್ತು. ಹಾರಿಸ್ ನಮ್ಮ ಅಂಗಡಿಯ ಅಭ್ಯಾಸದಂತೆ ಕೊತಕೊತ ಕುದಿಯುವ ನೀರನ್ನೇ ಹಸಿರು ಎಲೆಗೆ ಸುರಿದು, ಕಡಕ್ ಆಗಲೆಂದು ಮುಚ್ಚಿಟ್ಟ. ಆಮೇಲೆ ಒಂದು ಗುಟುಕು ಕುಡಿದು ಕೂಗಿದ:

“ಇದೆಂಥದು ಮಾರಾಯ, ಬೇವಿನ ಕಷಾಯವಾ?”

ಅವನು ಕಿವುಚಿದ ಮುಖ ನೋಡಿ ಸುತ್ತಲಿದ್ದವರು ನಕ್ಕು, ರುಚಿ ನೋಡದೆಯೇ ಮುಂದಿನ ಮಳಿಗೆಯತ್ತ ತಿರುಗಿದರು. ಆಕೆಯ ಮುಖ ಸಣ್ಣದಾಯಿತು.

ಅಪರಿಚಿತರ ಮುಂದೆ ನನಗೆ ಬಾಯಿ ಬರುವುದಿಲ್ಲ. ಆದರೆ ಈ ತಪ್ಪು ನನಗೆ ಚೆನ್ನಾಗಿ ಗೊತ್ತು: ಕುದಿನೀರು ಬಿದ್ದರೆ ಹಸಿರು ಎಲೆ ಕಹಿಯಾಗುತ್ತದೆ. ರೂಮಿನಲ್ಲಿ ಹಸಿರು ಚಹಾದ ಮೂರು ಪೊಟ್ಟಣ ಹಾಳು ಮಾಡಿಯೇ ಕಲಿತದ್ದು. “ತಪ್ಪು ಎಲೆಯದ್ದಲ್ಲ ಹಾರಿಸ್, ನಿನ್ನದು,” ಎಂದು ಎಲ್ಲರಿಗೂ ತಿಳಿಯುವಂತೆ ಹಿಂದಿಯಲ್ಲೇ ಹೇಳಿದೆ. ಕೆಟಲಿನ ಮುಚ್ಚಳ ತೆಗೆದು, ಹಬೆ ತಗ್ಗುವವರೆಗೆ ಕಾದೆ. ಹೊಸ ಎಲೆಗೆ ಸುರಿದು ಬೇಗ ಸೋಸಿದೆ.

ಹಾರಿಸ್ ಕುಡಿದು, “ಇನ್ನೊಂದು ಹಾಕು, ಉಸ್ತಾದ್,” ಎಂದ. ಹೊರಟಿದ್ದವರೂ ವಾಪಸು ಬಂದು ಕೈ ಚಾಚಿದರು. ಆಕೆ ನಗುತ್ತಾ ತನ್ನ ಕುರ್ಚಿಯನ್ನು ನನ್ನತ್ತ ಸರಿಸಿದಳು. ಬೇರೆ ದಿನವಾಗಿದ್ದರೆ ಬೇಡ ಎನ್ನುತ್ತಿದ್ದೆ. ಇವತ್ತು ಕೂತೆ.